ಮುದ್ದೆಯ ಅಳತೆ

"ಮುದ್ದೇದು ಅಳತೆ ಕೊಡಿ ಮೇಡಂ" ಅಂದಳು ಜಮೀಲಾ.
ಟೇಪು ಕೊರಳಲ್ಲೇ ಇತ್ತು.
ಪೆನ್ಷನ್ ಮೊಹಲ್ಲಾದ ಆ ಒಂದೇ ಶಟರಿನ ಅಂಗಡಿಯಲ್ಲಿ
ಎರಡೂ ಅಂಗೈ ಗುಂಡಗೆ ಮಾಡಿ
ಇಲ್ಲದ್ದನ್ನು ಹಿಡಿದು ನಿಂತೆ.
ಅವಳು ಅದಕ್ಕೇ ಟೇಪು ಸುತ್ತಿ
"ಹನ್ನೊಂದೂವರೆ" ಎಂದು ಬರೆದುಕೊಂಡಳು,
ಯಾರದೋ ರವಿಕೆಯ ತೋಳಿನಳತೆಯ ಕೆಳಗೆ.

ಅಂಗನವಾಡಿಗೆ ಬಟ್ಟೆಯ ಊಟ ಬೇಕಿತ್ತು.
ಯಾರೋ ದಾನ ಕೊಟ್ಟ ಪ್ಲಾಸ್ಟಿಕ್ ಸೆಟ್ಟಿನಲ್ಲಿ
ಸ್ಟ್ರಾಬೆರಿ, ಕೇಕು, ಇಡಿಯಾಗಿ ಹುರಿದ ಕೋಳಿ,
ಮತ್ತೆ ಹೆಸರೇ ಗೊತ್ತಿಲ್ಲದ ಒಂದು ಹಸಿರು.
ಹಾಗಾಗಿ ರೂಲು ಹಾಳೆಯಲ್ಲಿ ದುಂಡಗೆ ನಾನೇ ಬರೆದೆ:
ಮುದ್ದೆ, ಸಾರು, ಅಕ್ಕಿರೊಟ್ಟಿ, ಇಡ್ಲಿ, ಕಡುಬು, ಆಲೂಗೆಡ್ಡೆ.

ಇಡ್ಲಿ ಕಷ್ಟವಾಗಲಿಲ್ಲ.
ರವಿಕೆಗೆ ಹಾಕುವ ಪ್ಯಾಡು ಬೆನ್ನಿಗೆ ಬೆನ್ನು ಕೂಡಿಸಿದಳು,
ನಾವಿಬ್ಬರೂ ನಕ್ಕು ನಕ್ಕು
ಹೊರಗೆ ಕಾದಿದ್ದ ಗಂಡಸು ರಸ್ತೆಯಾಚೆ ಹೋಗಿ ನಿಂತ.
ಮುದ್ದೆಗೆ ಕಂದು ಲಂಗದ ಬಟ್ಟೆ, ಹೊಟ್ಟೆಗೆ ಕತ್ತರಿಸಿ ಉಳಿದ ಚೂರು.
ಸಾರಿಗೆ ಕೆಂಪು ಸ್ಯಾಟಿನ್, ಅಂಚಲ್ಲಿ ಹಳದಿ ದಾರದ ಒಗ್ಗರಣೆ.
ಕಡುಬಿಗೆ ಸೀರೆಯ ನೆರಿಗೆ ಹಿಡಿದ ಹಾಗೆ ನೆರಿಗೆ.
ಆಲೂಗೆಡ್ಡೆಗೆ ಸಂತೆಪೇಟೆಯಿಂದ
ಆಲೂಗೆಡ್ಡೆಯದೇ ಗೋಣಿ.
"ಇದಕ್ಕೆ ಕಣ್ಣಿರ್ತದಲ್ಲ" ಅಂತ ಕಪ್ಪು ದಾರದಲ್ಲಿ ಗಂಟು ಹಾಕಿದಳು.
ನೆಟ್ಟರೆ ಮೊಳೆಯುತ್ತಿತ್ತೋ ಏನೋ.

ಸೋಮವಾರ ಚಾಪೆಯ ಮೇಲೆ ಸುರಿದೆ.
ಮಕ್ಕಳು ಬಡಿಸಿದವು, ಉಂಡವು, ಕೈ ತೊಳೆದವು, ನೀರಿಲ್ಲದೆ.
ಯಾರೂ ಹೇಳಿಕೊಟ್ಟಿರಲಿಲ್ಲ,
ಬಟ್ಟೆಯ ಮುದ್ದೆಯನ್ನೂ ಯಾರೂ ಅಗಿಯಲಿಲ್ಲ,
ಗುಳುಂ ಎನ್ನಿಸಿದವು.

ಹೊನ್ನಶ್ರೀ ಮಾತ್ರ ಬುಟ್ಟಿಯ ತಳ ಕೆದಕುತ್ತಿದ್ದಳು.
"ಏಡಿ ಎಲ್ಲಿ ಮಿಸ್ಸು?"
ಏಡಿ ಇಲ್ಲವಲ್ಲ ಪುಟ್ಟಾ.
"ನಮ್ಮಜ್ಜಿ ಗದ್ದೆಯಿಂದ ತರ್ತದೆ. ಬಿಲಕ್ಕೆ ಕೈ ಹಾಕ್ತದೆ.
ಮೊದ್ಲು ಕಡೀತದೆ.
ಆಮೇಲೆ ಸಾರಾಯ್ತದೆ."

ಸಂಜೆ ನನ್ನ ಪಟ್ಟಿಯನ್ನು ಮತ್ತೆ ಓದಿದೆ.
ಎಷ್ಟು ದುಂಡಗಿತ್ತು ಅಕ್ಷರ!
ಅದು ಹಾಸನದ ಊಟವಲ್ಲ, ನನ್ನ ಅತ್ತೆಯ ಅಡುಗೆಮನೆ,
ಆರು ಸಾಲಿನಲ್ಲಿ.

"ಏಡೀನಾ? ನಾವೂ ತಿನ್ನಲ್ಲ" ಅಂದಳು ಜಮೀಲಾ,
"ಆದ್ರೆ ಸಣ್ಣೋಳಿದ್ದಾಗ ಕಾಲಿಗೆ ದಾರ ಕಟ್ಟಿ ಆಡ್ಸಿದೀನಿ.
ಎಷ್ಟು ಕಾಲು ಅದಕ್ಕೆ?"
ನನಗೆ ಗೊತ್ತಿರಲಿಲ್ಲ.
ಅವಳೂ ಮರೆತಿದ್ದಳು.

ಆದ್ದರಿಂದ ಹೊನ್ನಶ್ರೀಯನ್ನೇ ಕರೆದುಕೊಂಡು ಹೋದೆ.
ಐದರಾಚೆ ಎಣಿಸಲು ಬಾರದ ಹುಡುಗಿ.
ಕತ್ತರಿಸುವ ಮೇಜಿನ ಮೇಲೆ ಹತ್ತಿಸಿದೆವು,
ಅಂಗಾತ ಮಲಗಿ, ಮೊಣಕಾಲು ಮಡಚಿ,
ಈ ಕಡೆ ನಾಕು, ಆ ಕಡೆ ನಾಕು, ಮುಂದೆ ಎರಡು ಕೈ ಎಂದು
ಬೆರಳುಗಳನ್ನು ಇಕ್ಕಳ ಮಾಡಿ
ಗಾಳಿಯನ್ನು ಕಚಕ್ ಎಂದು ಕಡಿದಳು.
ಜಮೀಲಾ ಸುಮ್ಮನೆ ಟೇಪು ತೆಗೆದು
ಏಡಿಯ ಬೆನ್ನಗಲ ಹಿಡಿದಳು, ಕಾಲುದ್ದ ಹಿಡಿದಳು,
ಕಚಗುಳಿಗೆ ಏಡಿ ಕುಲುಕುಲು ನಕ್ಕಿತು.

ರವಿಕೆಯ ಹುಕ್ಕುಗಳೇ ಕೊಂಡಿ.
ಬಟನ್ನಿನ ಕಣ್ಣು ಎರಡು, ಒಂದು ಸ್ವಲ್ಪ ದೊಡ್ಡದು.
ಹುಕ್ಕು ಚುಚ್ಚೀತೆಂದು ನಾನು ಹೆದರಿದೆ.
"ಚುಚ್ಚದಿದ್ರೆ ಏಡಿ ಹೆಂಗಾಯ್ತದೆ" ಅಂದಳು ಜಮೀಲಾ,
ಆದರೂ ತುದಿಯನ್ನು ಒಳಮುಖ ಬಗ್ಗಿಸಿದಳು.
ದುಡ್ಡು ಬೇಡವೆಂದಳು. ನಾನು ಕೊಟ್ಟೆ. ಎಣಿಸದೆ ಡಬ್ಬಿಗೆ ಹಾಕಿದಳು.

ಮೊನ್ನೆ ಸೂಪರ್‌ವೈಸರ್ ಬಂದು ದಾಸ್ತಾನು ಪುಸ್ತಕ ಕೇಳಿದರು.
ಇಡ್ಲಿ ಹೊಸದರ ಹಾಗೇ ಇದೆ. ಕಡುಬಿನ ನೆರಿಗೆ ಕೂಡ ಮಾಸಿಲ್ಲ.
ಏಡಿಯ ಬೆನ್ನು ಮಾತ್ರ ಜೊಲ್ಲಿಗೆ, ಮಣ್ಣಿಗೆ ಕರ್ರಗಾಗಿ,
ಹಿಂದಿನ ಒಂದು ಕಾಲು
ಯಾರ ಜೇಬಿನಲ್ಲಿ ಮನೆಗೆ ಹೋಯಿತೋ.
"ಇದೇನು?" ಎಂದರು, ಬಾಲ ಹಿಡಿಯುವ ಹಾಗೆ ಎತ್ತಿ.
ನಾನು ಬಾಯಿ ತೆರೆಯುವ ಮೊದಲೇ ಹೊನ್ನಶ್ರೀ
ಕಿತ್ತುಕೊಂಡು ಮಡಿಲಲ್ಲಿಟ್ಟು ಎಣಿಸತೊಡಗಿದಳು,
ಐದರ ಬಳಿ ಒಂದು ಗಳಿಗೆ ನಿಂತು, ದಾಟಿದಳು.

ಪುಸ್ತಕದಲ್ಲಿ ಬರೆದೆ:
ಏಡಿ, ಒಂದು.
ಕಾಲು, ಏಳು.